ಕೊಡೆಕಡ್ಡಿಯ ಕೊಕ್ಕರೆ

ಆಟಿಯ ಗಾಳಿ ಅಡ್ಡ ಬೀಸಿದ ಮರುದಿನ
ಹಂಪನಕಟ್ಟೆಯ ಸಿಗ್ನಲ್ ಕಂಬದ ಬುಡದಲ್ಲಿ
ಸತ್ತ ಕೊಡೆಗಳು ಬಿದ್ದಿರುತ್ತವೆ
ಕಾಲು ಮೇಲೆ ಮಾಡಿ, ಜಿರಲೆಗಳ ಹಾಗೆ.
ಬಸ್ಸಿಗೆ ಓಡುವವರು ದಾಟಿ ಹೋಗುತ್ತಾರೆ.
ನಾನು, ಸೊಸೈಟಿಯ ಕ್ಯಾಶ್ ಕೌಂಟರಿನವಳು,
ನೆರಿಗೆ ಎತ್ತಿ ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತು
ಬಟ್ಟೆ ಹರಿದು ಕಡ್ಡಿ ಬಿಡಿಸಿ
ಬುತ್ತಿಯ ಚೀಲಕ್ಕೆ ತುರುಕುತ್ತೇನೆ.

ಸಾಲದ್ದು ಮೊಯ್ದಿನಬ್ಬರ ಹತ್ತಿರ.
ಬಂದರಿನ ತಿರುವಿನಲ್ಲಿ, ಮುಚ್ಚಿದ ಅಂಗಡಿಯ ಜಗಲಿಯಲ್ಲಿ
ಕೊಡೆ ರಿಪೇರಿಗೆ ಕೂರುವವರು.
‘ಇದಕ್ಕೆ ಜೀವ ಇಲ್ಲ, ಬಿಡಿ. ಇದು ಹಳೇ ಉಕ್ಕು, ತಕೊಳ್ಳಿ’
ಎಂದು ಮುದಿ ಕಡ್ಡಿಗಳನ್ನು ಬೇರೆ ಕಟ್ಟಿ ಇಟ್ಟಿರುತ್ತಾರೆ.
ಎಂತಕ್ಕೆ ಎಂದು ಒಮ್ಮೆಯೂ ಕೇಳಿದವರಲ್ಲ.

ರಾತ್ರಿ, ಪಾತ್ರೆ ತೊಳೆದು ಕವುಚಿದ ಮೇಲೆ,
ಬೋಳಾರದ ಬಾಡಿಗೆ ಮನೆಯ ಹಿಂಜಗಲಿಯಲ್ಲಿ
ಒಂದು ಇಕ್ಕುಳ, ಒಂದು ಅರ, ತಂತಿಯ ಸುರುಳಿ:
ಕೊಕ್ಕರೆ ಮಾಡುತ್ತೇನೆ.
ಕೊಕ್ಕರೆ ಎಂದು ನಾನು ಹೇಳುವುದು;
ಪಕ್ಕದ ಮನೆಯ ಮೆಲಿಶಾ ಹೇಳುವುದು ಸೊಳ್ಳೆ.
ಹೊಟ್ಟೆಯ ದಾರ ಎಳೆದರೆ ರೆಕ್ಕೆ ಬಿಚ್ಚುತ್ತದೆ.
ಬಿಚ್ಚಿದ್ದು ಕೆಲವು ಸಲ ಮಡಚುವುದಿಲ್ಲ,
ಆಗ ತಲೆಗೊಂದು ಮೊಟಕಬೇಕು.

ಹಗಲೆಲ್ಲ ಎಣಿಸುವುದೇ ನನ್ನ ಕಸುಬು.
ಮೀನಿನ ವಾಸನೆಯ ನೂರು, ಸೆಂಟಿನ ವಾಸನೆಯ ಐನೂರು,
ಪಿಗ್ಮಿ ಕಟ್ಟುವವರ ಬೆವರಿಗೆ ಅಂಟಿದ ಹತ್ತುಗಳು;
ಸಂಜೆ ಒಂದು ರೂಪಾಯಿ ಕಡಿಮೆ ಬಿದ್ದರೂ
ಇಡೀ ದಿನವನ್ನು ಮತ್ತೆ ಮೊದಲಿಂದ.
ಕೊಕ್ಕರೆಗೆ ಎಷ್ಟು ಕಡ್ಡಿ ಹಿಡಿಯಿತೆಂದು
ಕೇಳಬೇಡಿ, ನನಗೆ ಗೊತ್ತಿಲ್ಲ.

ಆದರೂ ಹೇಳುವವರು ಬಿಡುತ್ತಾರೆಯೇ?
ಮ್ಯಾನೇಜರ್ ಶೇಟ್ರು: ‘ಇದಕ್ಕೆ ಮಹಿಳಾ ಸಾಲ ಉಂಟು ಮೇಡಂ,
ಒಂಬತ್ತೂವರೆ ಪರ್ಸೆಂಟು. ಜಾಮೀನಿಗೆ ನಾನಿದ್ದೇನೆ.’
ನಾದಿನಿ ವಾರಿಜ: ‘ಫೋಟೋ ಹಾಕು, ರೇಟು ಹಾಕು,
ಸುಮ್ಮನೆ ಕೂತು ಬೆನ್ನು ನೋಯಿಸುವ ಬದಲು.’

ಒಂದು ಸಲ ಕೇಳಿಯೂ ಬಿಟ್ಟೆ.
ಕದ್ರಿಯ ಕಾಫಿ ಅಂಗಡಿಯವನಿಗೆ ಆರು ಬೇಕಿತ್ತು.
ಎಲ್ಲ ಒಂದೇ ಸೈಜು, ಎಲ್ಲ ಕಪ್ಪು. ‘ದಾರ ಮಾತ್ರ ಬೇಡ,
ಮಕ್ಕಳು ಎಳೆದು ಹಾಳು ಮಾಡ್ತಾರೆ.’
ಅವತ್ತು ಮೊದಲ ಬಾರಿ
ಹಿಂಜಗಲಿಯಿಂದ ಒಳಗಿನ ಗಡಿಯಾರಕ್ಕೆ ಕಣ್ಣು ಹೋಯಿತು:
ಒಂದು ಕುತ್ತಿಗೆಗೆ ಇಪ್ಪತ್ತೆರಡು ನಿಮಿಷ.
ಮೂರನೆಯದರ ಹೊತ್ತಿಗೆ ಬೆರಳಿಗೆ ಬಾಯಿಪಾಠವಾಗಿತ್ತು.
ಆರನೆಯದು ಯಾರು ನೋಡಿದರೂ ಕೊಕ್ಕರೆಯೇ.
ಮೆಲಿಶಾ ಏನೂ ಹೆಸರಿಡಲಿಲ್ಲ.

ದುಡ್ಡು ಕೆಟ್ಟದ್ದೆಂದು ನಾನು ಹೇಳಲಾರೆ,
ಎಣಿಸಿಯೇ ಬದುಕಿದವಳು.
ಮಿಕ್ಸಿ ರಿಪೇರಿ ಆಯಿತು, ಎರಡು ಕಿಲೋ ಅಂಜಲ್ ಬಂತು,
ವಾರಿಜಳ ಮುಖದಲ್ಲಿ ಗೆಲುವು.
ಇಕ್ಕುಳ ಮಾತ್ರ ಒಂದೂವರೆ ತಿಂಗಳು
ಬಟ್ಟೆಯ ಬುಟ್ಟಿಯ ಕೆಳಗೆ ತುಕ್ಕು ಹಿಡಿಯಿತು.

ಚೌತಿಯ ಮಳೆಗೆ ಮೆಲಿಶಾ ಬಂದಳು,
ಮುರಿದ ತನ್ನ ಗುಲಾಬಿ ಕೊಡೆ ಎತ್ತಿಕೊಂಡು.
‘ಸೊಳ್ಳೆಗೆ ಒಂದು ತಂಗಿ ಮಾಡಿ ಆಂಟಿ.’
ತಂಗಿ ಎಂದರೆ ಹೇಗಿರುತ್ತದೆ ಎಂದೆ.
ಅವಳಿಗೂ ತಿಳಿಯದು.
ಇಬ್ಬರೂ ತುಂಬ ಹೊತ್ತು ಆ ಕಡ್ಡಿಗಳನ್ನು ನೋಡಿದೆವು.
ಅವಳನ್ನು ಅಮ್ಮ ಕರೆದರು, ನಾನು ಉಳಿದೆ,
ಹಾಲಿನ ವ್ಯಾನು ಹಾರ್ನ್ ಮಾಡುವವರೆಗೆ.

ಅದಕ್ಕೆ ಕಾಲು ಮೂರು, ಕೊಕ್ಕು ತೀರಾ ಉದ್ದ,
ಗೋಡೆಗೆ ಒರಗಿಸದಿದ್ದರೆ ನಿಲ್ಲುವುದಿಲ್ಲ.
ದಾರ ಎಳೆದರೆ ರೆಕ್ಕೆಯ ಬದಲು ಬಾಲ ಏಳುತ್ತದೆ.
ಯಾಕೆಂದು ಇನ್ನೂ ಪತ್ತೆಯಾಗಿಲ್ಲ.
ನೋಡಿದ್ದೇ ಮೆಲಿಶಾ ನೆಲಕ್ಕೆ ಬಿದ್ದು ನಕ್ಕಳು,
ಒಂದು ವಾರ ಆಡಿದಳು,
ಆಮೇಲೆ ‘ಕೊಡೆ ಅಜ್ಜನಿಗೆ ಕೊಡುವ’ ಎಂದಳು.

ಮೊಯ್ದಿನಬ್ಬರು ಕನ್ನಡಕ ಏರಿಸಿ
ಕೀಲು ಕೀಲನ್ನೂ ಆಡಿಸಿ ನೋಡಿದರು.
‘ರಿವೆಟ್ಟು ಗಟ್ಟಿ ಕೂತಿದೆ.’
ಅಷ್ಟೇ. ಜಗಲಿಯ ಕಂಬಕ್ಕೆ ಒರಗಿಸಿ,
ರಿಪೇರಿ ಆಗಿ ಯಜಮಾನರಿಗೆ ಕಾಯುವ
ಮೂರು ಕೊಡೆಗಳನ್ನು
ಅದರ ಕೊಕ್ಕಿಗೆ ಸಾಲಾಗಿ ನೇತುಹಾಕಿದರು.

ಬಾಲ ತಾನಾಗಿ ಎದ್ದಿತು.

ನಗುತ್ತ ಇಳಿದು ಬಂದವಳಿಗೆ
ಸ್ಟೇಟ್‌ಬ್ಯಾಂಕ್ ಸ್ಟಾಪು ತಲುಪಿದ ಮೇಲೆ ಗೊತ್ತಾಯಿತು:
ನನ್ನ ಕೊಡೆ ಅಲ್ಲೇ ಉಳಿದಿತ್ತು,
ಮಳೆ ಯಾವಾಗಲೋ ಶುರುವಾಗಿತ್ತು.